ಸೆರೆಮನೆಯ ನವಣೆ ಅನ್ನ

"ನಮ್ಮ ಅರಮನೆಯ ಹೊಸಿಲು ದಾಟಿ ಒಂದು ಕಾಳು ನವಣೆ ಒಳಗೆ ಬಂದಿಲ್ಲ, ಬರೋದೂ ಇಲ್ಲ!"

ಕರೇಕಲ್ಲು ದುರ್ಗದ ದೊರೆ ಬೊಮ್ಮಗೊಂಡ ನಾಯಕರು ತುಂಬಿದ ಸಭೆಯಲ್ಲಿ ಹೀಗೆ ಕೊಚ್ಚಿಕೊಂಡರು. ಕೊಚ್ಚಿಕೊಂಡು ಮುಗಿಸುವಷ್ಟರಲ್ಲಿ ಏದುಸಿರು ಬಂತು.

ಬರದೆ ಇನ್ನೇನು? ಮೂರು ಹೊತ್ತೂ ಸಣ್ಣಕ್ಕಿ ಅನ್ನ, ಮೇಲೆ ತುಪ್ಪ, ಅದರ ಮೇಲೆ ಬೆಲ್ಲದ ಪಾಯಸ. ಮೆಟ್ಟಿಲು ಹತ್ತಬೇಕಾದರೆ ಹಿಂದಿನಿಂದ ಇಬ್ಬರು ತಳ್ಳಬೇಕು. ದೊರೆಗಳು ಮೂತ್ರಕ್ಕೆ ಹೋಗಿಬಂದ ಜಾಗಕ್ಕೆ ಇರುವೆಗಳು ಮೆರವಣಿಗೆ ಹೊರಡುತ್ತಿದ್ದವು. ಅರಮನೆಯಲ್ಲಿ ಎಲ್ಲರೂ ಕಂಡಿದ್ದರು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಟ್ಟವರು ವಯಸ್ಸಾದ ವೈದ್ಯ ಮರುಳಯ್ಯನವರು.

"ದೊರೆ, ಇರುವೆ ಮುತ್ತೋದು ಒಳ್ಳೇ ಲಕ್ಷಣ ಅಲ್ಲ. ಅಕ್ಕಿ, ಪಾಯಸ ಬಿಡಿ. ನವಣೆ ಅನ್ನ ಉಣ್ಣಿ. ನಿಧಾನಕ್ಕೆ ಅರಗುತ್ತೆ, ಮೈ ಹಗುರಾಗುತ್ತೆ."

"ಹಕ್ಕಿ ತಿನ್ನೋದನ್ನ ನನಗೆ ಹಾಕ್ತೀಯಾ? ಸೆರೆಮನೆಗೆ ತಳ್ರೋ ಇವನನ್ನ! ಅಲ್ಲಿ ಬೇಯಿಸೋದೂ ಅದೇ, ಹೊಟ್ಟೆ ತುಂಬ ತಿನ್ನಲಿ. ಅಮಾವಾಸ್ಯೆಯೊಳಗೆ ತಪ್ಪಾಯ್ತು ಅನ್ನದಿದ್ದರೆ ಗಡಿಪಾರು!"

ಆ ವಯಸ್ಸಿನಲ್ಲಿ ಗಡಿಪಾರೆಂದರೆ ಮುದುಕರು ದಾರಿಯಲ್ಲೇ ಸಾಯುವುದು ಖಂಡಿತ. ಅವರನ್ನು ಹೇಗಾದರೂ ಬಿಡಿಸಬೇಕೆಂದು ಆಸ್ಥಾನದ ವಿದೂಷಕ ಓಬಯ್ಯ ನಿಶ್ಚಯಿಸಿದ. ಅವನ ಮಗಳನ್ನು ಜ್ವರದ ಬಾಯಿಂದ ಎಳೆದುತಂದವರು ಅವರೇ.

ಆ ಸೆರೆಮನೆಗೆ ನಾಯಕರ ಅಜ್ಜ ಮಾಡಿಟ್ಟ ಕಟ್ಟಳೆಯೊಂದಿತ್ತು. ಬಾಗಿಲಲ್ಲಿ ನಿಂತು ತನ್ನ ತಪ್ಪನ್ನು ಗಟ್ಟಿಯಾಗಿ ಹೇಳಿದವನಿಗಷ್ಟೇ ಒಳಗೆ ಊಟ. ಮರುಳಯ್ಯನವರು "ನಿಜ ಹೇಳಿದೆ" ಎಂದು ಒಳಗೆ ಹೋಗಿದ್ದರು. ಮರುದಿನ ಓಬಯ್ಯ ಅದೇ ಬಾಗಿಲಿಗೆ ಬಂದ.

"ನಿನ್ನ ತಪ್ಪೇನು?" ಎಂದ ಕಾವಲುಗಾರ.

"ದೊರೆಗಳ ಹೊಟ್ಟೆ ನೋಡಿ ನಕ್ಕಿದ್ದೇನೆ."

"ಅದಕ್ಕೆ ಸೆರೆಯಾದರೆ ನಾನೂ ಒಳಗಿರಬೇಕಿತ್ತು. ಹೋಗು ಒಳಗೆ."

ಓಬಯ್ಯ ನೇರ ಒಲೆಯ ಮುಂದೆ ಕೂತ. ಅಲ್ಲಿಯವರೆಗೆ ಕಲ್ಲು ಸಮೇತ ಅರೆಬೆಂದಿರುತ್ತಿದ್ದ ನವಣೆಯನ್ನು ಆರಿಸಿ, ತೊಳೆದು, ನೆನೆಹಾಕಿ, ಉದುರುದುರಾಗಿ ಬೇಯಿಸಿದ. ಹೆಂಡತಿಗೆ ಹೇಳಿಕಳಿಸಿ ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ ತರಿಸಿದ. ಒಗ್ಗರಣೆಯ ಘಮ ಕೋಟೆಯನ್ನೆಲ್ಲ ಸುತ್ತಿತು.

ಅರಮನೆಯ ಆಳುಗಳು ಉಣ್ಣುತ್ತಿದ್ದದ್ದು ದೊರೆಗಳು ಬಿಟ್ಟ ತಂಗಳು. ಘಮ ಮೂಗಿಗೆ ಬಿದ್ದದ್ದೇ ತಡ, ಸೆರೆಮನೆಯ ಬಾಗಿಲಲ್ಲಿ ನೂಕುನುಗ್ಗಲು.

"ದೊರೆಗಳ ಗೊರಕೆಯನ್ನು ಅಣಕಿಸಿದ್ದೇನೆ," ಎಂದ ಚಾಮರ ಬೀಸುವವನು.

"ಹೊರುವಾಗೆಲ್ಲ ಮನಸ್ಸಲ್ಲೇ ಬೈದಿದ್ದೇವೆ," ಎಂದರು ಪಲ್ಲಕ್ಕಿಯವರು, ಎಲ್ಲರೂ ಒಟ್ಟಿಗೆ.

ಕೊನೆಗೆ ಅರಮನೆಯ ಅಡುಗೆಯವನೂ ಬಂದ. "ಪಾಯಸದ ಮೊದಲ ಸೌಟು ದಿನಾ ನಾನೇ ಕುಡಿದಿದ್ದೇನೆ!"

ಅಮಾವಾಸ್ಯೆಯ ಮಧ್ಯಾಹ್ನ ನಾಯಕರು "ಊಟ!" ಎಂದು ಕೂಗಿದರೆ ಯಾರೂ ಓಗೊಡಲಿಲ್ಲ. ಅಡುಗೆಮನೆಯಲ್ಲಿ ಬೆಕ್ಕು ಮಲಗಿತ್ತು. ಪಲ್ಲಕ್ಕಿಗೂ ಜನರಿಲ್ಲ. ಹಸಿದ ಹೊಟ್ಟೆ ಹೊತ್ತು, ಘಮ ಹಿಡಿದು, ಕೂತು ಎದ್ದು ನಾಯಕರು ಸೆರೆಮನೆ ತಲುಪಿದರು. ಅಷ್ಟು ದೂರ ಅವರು ನಡೆದದ್ದನ್ನು ಊರೇ ಕಂಡಿರಲಿಲ್ಲ.

"ಲೋ, ನನಗೂ ಒಂದು ತಟ್ಟೆ ಹಾಕ್ರೋ!"

ಕಾವಲುಗಾರ ಕೈಮುಗಿದ. "ಬುದ್ಧಿ, ತಮ್ಮ ಅಜ್ಜಯ್ಯನವರ ಕಟ್ಟಳೆ. ತಪ್ಪು ಹೇಳಿದರೆ ಊಟ."

"ನಾನು ಜನ್ಮದಲ್ಲೇ ತಪ್ಪು ಮಾಡಿಲ್ಲ!"

"ಹಾಗಾದರೆ ಅನ್ನ ಇಲ್ಲ ಬುದ್ಧಿ."

ಸಾರಿನ ಹಬೆ ಮುಖಕ್ಕೆ ಬಡಿಯಿತು. ನಾಯಕರು ಎಂಜಲು ನುಂಗಿದರು. "ಪೂಜೆಯಲ್ಲಿ ಒಮ್ಮೆ ಆಕಳಿಸಿದ್ದೆ..."

"ಅದು ದೇವರಿಗೂ ತಮಗೂ ಬಿಟ್ಟ ವ್ಯಾಜ್ಯ," ಎಂದ ಓಬಯ್ಯ, ಸೌಟು ಹಿಡಿದು ಹೊರಗಿಣುಕಿ. "ಹೊಸ ತಪ್ಪು ಯಾಕೆ ಹುಡುಕ್ತೀರಿ ದೊರೆ? ಮಾಡಿಟ್ಟದ್ದೇ ಒಂದಿದೆಯಲ್ಲ. ನಿಮ್ಮ ಜೀವ ಉಳಿಯಲಿ ಅಂದವರನ್ನೇ ಒಳಗೆ ಹಾಕಿದ್ದು."

ಒಳಗೆ ತುತ್ತೆತ್ತಿದ ಕೈಗಳೆಲ್ಲ ನಿಂತವು. ನಾಯಕರು ಮರುಳಯ್ಯನವರನ್ನು ನೋಡಿದರು, ಅನ್ನ ನೋಡಿದರು, ಕೊನೆಗೆ ತಲೆ ತಗ್ಗಿಸಿದರು.

"ತಪ್ಪಾಯ್ತು ವೈದ್ಯರೇ. ಗಡಿಪಾರೂ ಇಲ್ಲ, ಸೆರೆಯೂ ಇಲ್ಲ. ಈಗಲಾದರೂ ಬಡಿಸ್ರಪ್ಪ!"

ಎರಡು ತಟ್ಟೆ ಖಾಲಿ ಮಾಡಿದ ನಾಯಕರು ಬೆರಳು ನೆಕ್ಕುತ್ತ ಕೇಳಿದರು, "ಓಬಯ್ಯ, ನನ್ನ ತಪ್ಪಿಗೆ ಈ ಸೆರೆಯೂಟ ಎಷ್ಟು ದಿನ?"

"ಇರುವೆಗಳು ಬೇರೆ ದೊರೆಯನ್ನು ಹುಡುಕಿಕೊಂಡು ಹೋಗೋವರೆಗೆ, ಬುದ್ಧಿ!"

ಹೊಟ್ಟೆ ಕುಲುಕುವಂತೆ ನಕ್ಕ ನಾಯಕರು ತಮ್ಮ ಕೈಯ ಚಿನ್ನದ ಕಡಗವನ್ನು ಓಬಯ್ಯನಿಗೆ ಕೊಡಲು ಹೋದರು. ಅದು ಊದಿದ ಮುಂಗೈಯಿಂದ ಕದಲಲೇ ಇಲ್ಲ.

"ಇರಲಿ ಬುದ್ಧಿ," ಎಂದ ಓಬಯ್ಯ, ಮೂರನೇ ತಟ್ಟೆಗೆ ನವಣೆ ಬಡಿಸುತ್ತ. "ಇದನ್ನೇ ಉಣ್ಣುತ್ತಿರಿ, ಅದು ತಾನಾಗಿ ನನ್ನ ಕಡೆ ಜಾರುತ್ತೆ."