ಮಠದ ಮೇಲೆ ಸಾರಿದ ಡಂಗುರ

ಹಳ್ಳದ ದಂಡೆಯಲ್ಲಿ ಜೋಳದ ದಂಟು ಹೊದಿಸಿದ ಗುಡಿಸಲೇ ಪೂಜ್ಯ ಗುರುಪಾದಜ್ಜನವರ ಮಠ. ಜಾತಿ ಕೇಳದೆ ಐದು ಮನೆಗಳಲ್ಲಿ ಬೇಡಿ ತಂದ ಭಿಕ್ಷೆಯೇ ಅವರಿಗೆ ಪ್ರಸಾದ.

ಒಂದು ಮುಂಜಾನೆ ಡಂಗುರ ಸಾರುವ ಹುಲಗಪ್ಪ ಬಂದು ಅವರ ಪಾದ ಹಿಡಿದ. ನೇಕಾರರ ಸಂಗವ್ವ ಅವನ ಕೇರಿಯ ಬಾಣಂತಿಗೆ ತನ್ನ ಬಾವಿಯ ನೀರು ಸೇದಿ ಕೊಟ್ಟಿದ್ದಳು. ಅಷ್ಟಕ್ಕೇ ಪಂಚರು ಆಕೆಗೆ ಬಹಿಷ್ಕಾರ ಹಾಕಿದ್ದರು. ಅದನ್ನು ಓಣಿ ಓಣಿ ಸಾರಿದವನು ಇವನೇ. ಆ ಅಳುಕಿಗೆ ಎರಡು ದಿನದಿಂದ ಅವನು ಉಂಡಿರಲಿಲ್ಲ. ಆದರೂ ಸಬೂಬು ಮಾತ್ರ ನಾಲಗೆಯ ತುದಿಯಲ್ಲೇ ಇತ್ತು.

"ಮಾತು ಪಂಚರದು, ಅಜ್ಜಾರ. ನಂದು ಬರೇ ಬಾಯಿ. ಹೊಟ್ಟಿಪಾಡು."

"ಹಂಗಾದ್ರ ಇವತ್ತು ನನ್ನ ಮ್ಯಾಲೂ ಸಾರು. ಮಠಕ್ಕ ಯಾರೂ ಅನ್ನ ನೀರು ಕೊಡಬಾರದು ಅನ್ನು. ಯಾರ ಹೆಸರೂ ಹೇಳಬ್ಯಾಡ," ಎಂದರು ಅಜ್ಜನವರು.

ಗುರುಗಳ ಅಪ್ಪಣೆ, ಮೀರುವಂತಿಲ್ಲ. ಊರವರು ತನಗೇ ಹುಚ್ಚೆಂದು ನಕ್ಕಾರು, ಅಷ್ಟೇ ಎಂದುಕೊಂಡು ಹುಲಗಪ್ಪ ಹಲಗೆ ಬಡಿದು ಸಾರಿದ.

ಮಧ್ಯಾಹ್ನ ಅಜ್ಜನವರು ಜೋಳಿಗೆ ಹಿಡಿದು ಹೊರಟರು. ಹುಲಗಪ್ಪ ಹಿಂದೆ ನಡೆದ. ಮೊದಲ ಮನೆಯ ಬಾಗಿಲು ಮುಚ್ಚಿತು. ಎರಡನೆಯದೂ ಮುಚ್ಚಿತು. ಯಾರ ಅಪ್ಪಣೆ ಎಂದು ಒಬ್ಬ ನರಪಿಳ್ಳೆಯೂ ಕೇಳಲಿಲ್ಲವಲ್ಲ! ಕುಲಕರ್ಣಿಯವರು ಹೇಳಿಸಿರಬೇಕೆಂದು ಗೌಡರು, ಗೌಡರು ಹೇಳಿಸಿರಬೇಕೆಂದು ಕುಲಕರ್ಣಿಯವರು ಕದ ಹಾಕಿಕೊಂಡರು.

ಐದನೆಯದು ಹುಲಗಪ್ಪನದೇ ಮನೆ. ಹೆಂಡತಿ ದ್ಯಾಮವ್ವ ರೊಟ್ಟಿ ಹಿಡಿದು ಹೊಸ್ತಿಲವರೆಗೆ ಬಂದವಳು ಅಲ್ಲೇ ನಿಂತಳು. ಅವಳ ಕಣ್ಣು ತುಂಬಿದವು.

"ಡಂಗುರ ಆಗೇತ್ರಿ, ಅಜ್ಜಾರ. ಇವರ ಬಾಯಿಂದನ ಕೇಳೀನಿ," ಎಂದು ಕದ ಮುಚ್ಚಿದಳು.

ಹುಲಗಪ್ಪ ಕದ ತಟ್ಟಲು ಕೈಯೆತ್ತಿ ಹಾಗೆಯೇ ಇಳಿಸಿದ. ಅಜ್ಜನವರು ಬರಿದಾಗಿಯೇ ಉಳಿದ ಜೋಳಿಗೆಯನ್ನು ಹೆಗಲಿಗೇರಿಸಿಕೊಂಡು ಅವನತ್ತ ತಿರುಗಿದರು.

"ಇದರಾಗ ಪಂಚರು ಎಲ್ಲದಾರ, ತೋರಸಪಾ."

ಅವನು ಓಣಿಯಲ್ಲೇ ಕುಸಿದು ಬಿಕ್ಕಿದ. ಆಮೇಲೆ ಎದ್ದು ಹಲಗೆ ಬಡಿಯುತ್ತ ಊರೆಲ್ಲ ತಿರುಗಿದ. "ಅಜ್ಜಾರ ಮ್ಯಾಲಿನ ಡಂಗುರಾನೂ ಇಲ್ಲ, ಸಂಗವ್ವನ ಮ್ಯಾಲಿಂದೂ ಇಲ್ಲ. ಎರಡೂ ಬಾಗಲಾ ಮುಚ್ಚಿಸಿದಾಂವ ನಾನು. ಇನ್ನ ಇಂಥಾದ್ದು ಈ ಬಾಯಾಗ ಬರೂದಿಲ್ಲ," ಎಂದು ಸಾರಿದ. ಮೊದಲು ಕದ ತೆರೆದವಳು ದ್ಯಾಮವ್ವ. ಅಜ್ಜನವರ ಜೋಳಿಗೆಗೆ ರೊಟ್ಟಿ ನೀಡಿ, ಸೀದಾ ಸಂಗವ್ವನ ಮನೆಗೆ ನಡೆದಳು.

ಪಂಚರು ಅಂದೇ ಅವನ ಕೆಲಸ ಕಿತ್ತುಕೊಂಡರು. ಹುಲಗಪ್ಪ ಹಲಗೆಯನ್ನು ಅವರ ಮುಂದಿಟ್ಟು, ಕೈಮುಗಿದು ಹೊರಟ. ಇನ್ನು ಯಾರು ಸಾರುತ್ತೀರಿ ಎಂದು ಪಂಚರು ಮೂರು ಸಲ ಕೇಳಿದರು. ನೆರೆದವರಲ್ಲಿ ಒಬ್ಬನೂ ಆ ಹಲಗೆಯನ್ನು ಮುಟ್ಟಲಿಲ್ಲ.