ಕೊಡದಲ್ಲಿ ಒಗ್ಗರಣೆ

ಮಲಪ್ರಭೆಯ ದಂಡೆಯಲ್ಲೊಂದು ಆಶ್ರಮ. ಅಲ್ಲಿ ಹದಿನೆಂಟು ವರ್ಷದಿಂದ ಅಡುಗೆ ಶಿವಲೀಲವ್ವನದು.

ಈಚೆಗೆ ಹೊರದೇಶದವರು ಬರತೊಡಗಿದ್ದರು. ಅವರ ಅತಿಥಿಗೃಹದ ಅಡುಗೆಮನೆ ತನ್ನ ಕೈಗೆ ಬರಬೇಕೆಂದು ಶಿವಲೀಲವ್ವನಿಗೆ ಬಲು ಆಸೆ. ಅದಕ್ಕೆ ನಾಲ್ಕು ಇಂಗ್ಲಿಷ್ ಮಾತು ಬೇಕಿತ್ತು. ಗುರುಗಳೇ ಕಲಿಸುತ್ತಿದ್ದರು.

“ನಾಳೆ ಹೊರದೇಶದಿಂದ ಒಬ್ಬ ತಾಯಿ ಬರ್ತಾಳ, ತಂಗಿ. ಆಕೀ ಜೋಡಿ ನೀ ಒಬ್ಬಾಕಿನ ನಿಭಾಯಿಸಿದ್ರ ಆ ಅಡಗಿಮನಿ ಬೀಗದಕೈ ನಿಂದು” ಎಂದರು.

ಅವಳು ಬರೆಯುತ್ತಿದ್ದ ಪಾಟಿಯನ್ನು ಅವರ ಮುಂದಿಟ್ಟುಬಿಟ್ಟಳು.

“ನನ್ನ ಕೈಲೆ ಆಗೂದಿಲ್ರಿ, ಅಜ್ಜಾರ. ಪಾಟ್ ಅಂತ, ಪ್ಯಾನ್ ಅಂತ, ಬೌಲ್ ಅಂತ. ಎಲ್ಲಾನೂ ಪಾತ್ರಿನ ಅಲ್ರಿ? ಯಾವುದಕ್ಕ ಯಾವುದು ಅನ್ಬೇಕು? ನನ್ನ ತಲ್ಯಾಗ ಬರೇ ಮಣ್ಣು.”

ಗುರುಗಳು ಎದ್ದು ಸೀದಾ ಅಡುಗೆಮನೆಗೆ ನಡೆದರು. ಪಾಪ, ಇವಳೂ ಹಿಂದೆಯೇ ಹೋದಳು.

“ಇವತ್ತ ಅಡಗಿ ನಂದು. ಆ ಕೊಡ ಇತ್ತಾಗ ತಾ, ಒಗ್ಗರಣಿ ಹಾಕ್ತೀನಿ.”

“ಕೊಡದಾಗ ಒಗ್ಗರಣಿ ಹಾಕ್ತಾರೇನ್ರಿ? ಕೊಡ ನೀರಿಗೆ. ಕಡಾಯಿ ತಗೋರಿ.”

“ಹಂಗಾದ್ರ ಚರಿಗ್ಯಾಗ ಹಿಟ್ಟು ನಾದ್ತೀನಿ.”

“ಅದರಾಗ ಕೈ ಎಲ್ಲಿ ಹಿಡಿಸ್ತೈತ್ರಿ? ಪರಾತ ಐತಲ್ಲ.”

“ಸಾರು ಗಂಗಾಳದಾಗ ಕುದಿಸ್ಲೇನು?”

“ಗಂಗಾಳ ಊಟಕ್ಕರಿ. ಸಾರಿಗೆ ಬೋಗಾಣಿ. ಇಷ್ಟೂ ತಿಳಿಯೂದಿಲ್ಲೇನ್ರಿ ನಿಮಗ?”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಗುರುಗಳನ್ನೇ ಗದರಿಬಿಟ್ಟಿದ್ದಳು.

ಗುರುಗಳಿಗೆ ನಗು ತಡೆಯದು. “ಎಲ್ಲಾನೂ ಪಾತ್ರಿನ ಅಲ್ಲೇನು, ತಂಗಿ?”

ಅವಳು ಸಾಲಾಗಿ ಜೋಡಿಸಿದ್ದ ಪಾತ್ರೆಗಳನ್ನು ನೋಡುತ್ತ ನಿಂತಳು. ಆಮೇಲೆ ಅತಿಥಿಗೃಹಕ್ಕೆಂದು ತಂದಿಟ್ಟಿದ್ದ ಹೊಸ ಪಾತ್ರೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡಳು. ಹುರಿಯುವುದು ಪ್ಯಾನ್. ಕುದಿಸುವುದು ಪಾಟ್. ಹಾಕಿಕೊಂಡು ಕುಡಿಯುವುದು ಬೌಲ್. ಅಯ್ಯ, ಇಷ್ಟೇನಾ ಅನ್ನಿಸಿತು.

ಮರುದಿನ ಅತಿಥಿ ಬಂದಳು. ಸೂಪ್ ಮಾಡಬೇಕೆಂದಳು. ಶಿವಲೀಲವ್ವ “ಪಾಟ್” ಎಂದು ಒಲೆಯ ಮೇಲಿಟ್ಟಳು, “ಬೌಲ್” ಎಂದು ಪಕ್ಕದಲ್ಲಿಟ್ಟಳು. ಆಮೇಲೆ ಆಕೆ ಶೇಂಗಾ ಹುರಿಯಲು ಇನ್ನೊಂದು ಪಾಟ್ ಎತ್ತಿಕೊಂಡಾಗ ಶಿವಲೀಲವ್ವ ಸೊಂಟದ ಮೇಲೆ ಕೈಯಿಟ್ಟಳು.

“ನೋ. ಪ್ಯಾನ್.”

ಆಕೆ ತೆಪ್ಪಗೆ ಪಾಟ್ ಕೆಳಗಿಟ್ಟು ಪ್ಯಾನ್ ತೆಗೆದುಕೊಂಡಳು.

ಸಂಜೆ ಬೀಗದಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡು ಶಿವಲೀಲವ್ವ ಗುರುಗಳ ಕಾಲಿಗೆ ಬಿದ್ದಳು. ಖುಷಿಗೆ ಅವಳ ಕಣ್ಣಲ್ಲಿ ನೀರು.

“ಒಂದ ದಿನದಾಗ ಹೆಂಗ ಕಲಿಸಿದ್ರಿ, ಅಜ್ಜಾರ?”

“ನಾ ಎಲ್ಲಿ ಕಲಿಸಿದೆ, ತಂಗಿ? ನಾ ಬೈಸಿಕೊಂಡೆ.”