ಸಾತವ್ವನ ಮುಗಿಯದ ಸೋಮವಾರ

ಒಂದಾನೊಂದು ಊರಿನಲ್ಲಿ ಮುದಿಮಲ್ಲ ಅಂತ ಒಬ್ಬ ರಾಜನಿದ್ದ. ಆ ಊರು ಎಲ್ಲಿ ಅಂತ ಕೇಳಬೇಡಿ, ಕೇಳಿದವರಿಗೆ ಕತೆ ಅರ್ಧಕ್ಕೇ ನಿಲ್ಲುತ್ತದೆ. ರಾಜನಿಗೆ ದಂಡು ಬೇಡ, ದರಬಾರು ಬೇಡ, ಉಬ್ಬಿದ ಜೋಳದ ರೊಟ್ಟಿ ಒಂದಿದ್ದರೆ ಸಾಕು. ಉಬ್ಬದ ರೊಟ್ಟಿ ರೊಟ್ಟಿಯಲ್ಲ, ರೊಟ್ಟಿ ಉಣ್ಣದ ದಿನ ದಿನವಲ್ಲ ಎಂದು ಡಂಗುರ ಸಾರಿಸಿದ್ದ. ಅವನು ಉಬ್ಬಿದ ರೊಟ್ಟಿ ಉಂಡು ಕೈ ತೊಳೆದರೆ ಮಾತ್ರ ಆ ದಿನ ಮುಗಿಯಿತು. ಇಲ್ಲದಿದ್ದರೆ ಬೆಳಗಾದ ಮೇಲೂ ಅದೇ ದಿನ.

ಅರಮನೆಗೆ ರೊಟ್ಟಿ ಬಡಿದು ಕಳಿಸುವವಳು ಸಾತವ್ವ. ಹನ್ನೆರಡು ವರ್ಷ ಒಂದು ದಿನವೂ ತಪ್ಪದ ಕೈ ಅದು. ಆದರೆ ಆ ವಾರ ಗುರುವಾರಕ್ಕೆ ಅವಳ ಮಗಳು ನಿಂಬೆವ್ವನ ಮದುವೆ ಇತ್ತು. ಬೀಗರು ಆಗಲೇ ಬಂದು ಇಳಿದಿದ್ದರು. ಸಾತವ್ವನಿಗೆ ನಿದ್ದೆ ಇಲ್ಲ, ರೊಟ್ಟಿ ಕೆಟ್ಟರೆ ಗುರುವಾರ ಎಲ್ಲಿಂದ ಬರಬೇಕು ಅಂತ ಒಂದೇ ಚಿಂತೆ. ಸೋಮವಾರ ಒಲೆ ಮುಂದೆ ಕೂತು ತನಗೆ ತಾನೇ ಗೊಣಗಿದಳು.

"ಇವತ್ತ ಇದು ಉಬ್ಬಂಗಿಲ್ಲ ನೋಡು."

ಗೋಡೆಯ ಮೇಲಿದ್ದ ಹಲ್ಲಿ ಲೊಚ್ ಲೊಚ್ ಅಂತು.

ಹಲ್ಲಿ ನುಡಿದರೆ ಆಡಿದ ಮಾತು ನಿಜ. ಇದು ನಿಮಗೂ ಗೊತ್ತು, ನಿಮ್ಮಜ್ಜಿಗೂ ಗೊತ್ತು. ಸಾತವ್ವ ರೂಢಿಯಂತೆ ನೆಲಕ್ಕೆ ಬೆರಳು ಬಡಿದು ಸತ್ಯ ಸತ್ಯ ಅಂದಳು. ಅಂದ ಮೇಲೆ ಇನ್ನೇನಾಗಬೇಕು? ರೊಟ್ಟಿ ಹಂಚಿನ ಮೇಲೆ ಚಪ್ಪಟೆಯಾಗಿ ಮಲಗಿಬಿಟ್ಟಿತು.

ಮರುದಿನ ಬೆಳಗಾಯಿತು. ಸೋಮವಾರ.

ಸಾತವ್ವ ಮತ್ತೆ ಒಲೆ ಮುಂದೆ ಕೂತಳು. ಹಂಚು ಕಾಯುವುದಿಲ್ಲ ಅಂದುಕೊಂಡಳು, ಲೊಚ್ ಲೊಚ್. ಒಲೆ ಧಗಧಗ ಉರಿದರೂ ಹಂಚು ತಣ್ಣಗೇ ಇತ್ತು. ಹಿಟ್ಟಿಗೆ ಜಿಗಿ ಇಲ್ಲ ಅಂದಳು, ಲೊಚ್ ಲೊಚ್. ಹಿಟ್ಟು ಮರಳಾಯಿತು. ನನ್ನ ಕೈಯೇ ಸರಿಯಿಲ್ಲ ಅಂದಳು, ಲೊಚ್ ಲೊಚ್. ಎಡಗೈ ಬಲಕ್ಕೆ ಹೋಯಿತು, ಬಲಗೈ ಎಡಕ್ಕೆ ಬಂತು, ಉಣ್ಣಲು ಕೂತರೆ ತುತ್ತು ಕಿವಿಗೆ ಹೋಯಿತು. ಹಲ್ಲಿಯನ್ನು ಓಡಿಸಬಾರದಿತ್ತಾ ಅನ್ನುತ್ತೀರಿ. ಓಡಿಸಲು ಹೋದಳಪ್ಪ, ಪೊರಕೆ ಹಿಡಿದು. ಆದರೆ ಇದು ಹೋಗುವ ಪೈಕಿ ಅಲ್ಲ ಅಂತ ಬಾಯಿ ತಪ್ಪಿ ಅಂದಳು. ಲೊಚ್ ಲೊಚ್. ಹೋಗಲಿಲ್ಲ.

ಹೀಗೆ ಐದು ಸೋಮವಾರ ಕಳೆದವು, ಒಂದರ ಬೆನ್ನಿಗೆ ಒಂದು. ಸೋಮವಾರ ಎತ್ತು ಹೂಡುವಂತಿಲ್ಲ ನೋಡಿ, ಎತ್ತುಗಳು ಕೂತಲ್ಲೇ ಕೊಬ್ಬಿದವು. ಸೋಮವಾರ ಒಪ್ಪತ್ತು ಮಾಡುವ ಮುದುಕಿಯರು ಒಣಗಿ ಕಡ್ಡಿಯಾದರು. ಸಂತೆ ಮಂಗಳವಾರ, ಹಾಗಾಗಿ ಊರಲ್ಲಿ ಹಿಟ್ಟಿಲ್ಲ, ಉಪ್ಪಿಲ್ಲ. ನಾಳೆಯೊಳಗೆ ಗುರುವಾರ ಬರದಿದ್ದರೆ ನಾವು ಹೊರಟೆವು ಅಂತ ಬೀಗರು ಹಟ ಹಿಡಿದರು. ನಾಳೆಯೇ ಬರಲಿಲ್ಲವಾದ್ದರಿಂದ ಹೊರಡಲೂ ಆಗಲಿಲ್ಲ.

ದಿವಾನರು ಒಂದು ಉಪಾಯ ತಂದರು. ನಾನು ರೊಟ್ಟಿಗಳ ಮಹಾರಾಣಿ, ನನ್ನ ರೊಟ್ಟಿ ಆನೆಯಷ್ಟು ಉಬ್ಬುತ್ತದೆ ಅಂತ ನೂರೆಂಟು ಸಲ ಹೇಳಿಕೋ ಅಂದರು. ಪಾಪ, ಹೇಳಿಕೊಂಡಳು. ಗಂಟಲು ಒಣಗಿತು. ಬಾಯಿ ಮಹಾರಾಣಿ ಅನ್ನುತ್ತಿತ್ತು, ಹೊಟ್ಟೆ ಅಯ್ಯೋ ಅನ್ನುತ್ತಿತ್ತು. ಹಲ್ಲಿ ಹೊಟ್ಟೆಯೊಳಗಿನ ಮಾತಿಗೆ ನುಡಿಯುವ ಜಾತಿ. ಅದು ಬೆನ್ನು ತಿರುಗಿಸಿ ಹುಳ ಹಿಡಿಯಿತು.

ಆರನೆಯ ಸೋಮವಾರ ರಾಜನೇ ಬಂದು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತ. ಡಬ್ಬಿಯ ತಳ ಕೆರೆದರೆ ಎರಡು ರೊಟ್ಟಿಯ ಹಿಟ್ಟು ಸಿಕ್ಕಿತು. ಸಂತೆ ಬರದೆ ಹಿಟ್ಟಿಲ್ಲ, ಹಿಟ್ಟಿಲ್ಲದೆ ರೊಟ್ಟಿಯಿಲ್ಲ, ರೊಟ್ಟಿಯಿಲ್ಲದೆ ಸಂತೆ ಬರುವುದಿಲ್ಲ. ಈ ಎರಡು ರೊಟ್ಟಿಯೂ ಕೆಟ್ಟರೆ ಇನ್ನು ಸೋಮವಾರವೇ ಗಟ್ಟಿ. ಅರಿಶಿನ ಹಚ್ಚಿಸಿಕೊಂಡು ಕೂತ ನಿಂಬೆವ್ವ ಅರಿಶಿನದಲ್ಲೇ ಮುದುಕಿಯಾಗುತ್ತಾಳೆ. ಸಾತವ್ವ ಹಿಟ್ಟು ಮುಟ್ಟದೆ ಒಲೆ ಮುಂದೆ ಕೂತುಬಿಟ್ಟಳು.

ತಾಯಿಯ ಅವಸ್ಥೆ ನೋಡಲಾರದೆ ನಿಂಬೆವ್ವ ಮೊದಲನೆಯದನ್ನು ತಾನೇ ನಾದಿ ಬಡಿದಳು. ಎತ್ತುವಾಗ ಅದು ಹರಿದು ಎರಡು ಚೂರಾಯಿತು.

"ನನಗ ಬರೂದಿಲ್ಲವ್ವ," ಅಂದಳು. ಕಣ್ಣು ತುಂಬಿತ್ತು.

ಹಲ್ಲಿ ಬಾಯಿ ತೆರೆಯುವ ಮೊದಲೇ ಸಾತವ್ವ ಅಂದಳು, "ಯಾಕ ಬರೂದಿಲ್ಲ? ಅಂಚು ಒಂಚೂರು ತೆಳ್ಳಗಾತು, ಅಷ್ಟ. ಹರದ್ರ ಹರೀಲಿ. ಮುಂದಿಂದು ಸಾವಕಾಶ ಬಡಿ."

ಲೊಚ್ ಲೊಚ್.

ಸಾತವ್ವ ಬೆಚ್ಚಿ ಗೋಡೆ ನೋಡಿದಳು. ಆರು ಸೋಮವಾರದಲ್ಲಿ ಒಳ್ಳೆಯ ಮಾತಿಗೆ ಹಲ್ಲಿ ನುಡಿದದ್ದು ಇದೇ ಮೊದಲು. ಮಗಳಿಗೆ ಇಷ್ಟು ಸಲೀಸಾಗಿ ಅಂದ ಮಾತು ತನಗೆ ತಾನು ಎಂದಾದರೂ ಆಡಿಕೊಂಡಿದ್ದುಂಟೇ? ಇಲ್ಲ. ಪಕ್ಕದ ಮನೆಯ ಮಗುವಿಗೂ ಅನ್ನದಂಥದ್ದನ್ನು ದಿನಾ ತನಗೆ ಅಂದುಕೊಂಡಿದ್ದಳು. ತನ್ನ ಮೇಲೆ ತನಗೇ ಕರುಳು ಚುರ್ ಅಂತು.

ಕಡೆಯ ಉಂಡೆ ತಾನೇ ಕೈಗೆ ತಗೊಂಡಳು. ಭಯ ಹೋಗಿತ್ತು ಅಂದುಕೊಂಡಿರಾ? ಎಲ್ಲಿಂದ ಹೋಗುತ್ತದೆ, ಇನ್ನೂ ಹೆಚ್ಚಾಗಿತ್ತು. ಆದರೂ ಮಗಳಿಗೆ ಅಂದ ದನಿಯಲ್ಲೇ ಮೆಲ್ಲಗೆ ಅಂದುಕೊಂಡಳು.

"ಹೆದರಿಕಿ ಆಗೇತಿ ಸಾತವ್ವ, ಆಗಲಿ. ಕೈ ನಡುಗತಾವ, ನಡುಗಲಿ. ಇಂಥಾವು ಎಷ್ಟ ಬಡದೀ ನೀ. ಇದನ್ನೂ ಬಡಿ."

ಲೊಚ್ ಲೊಚ್.

ಬಲಗೈ ಬಲಕ್ಕೆ ಬಂತು, ಎಡಗೈ ಎಡಕ್ಕೆ ಹೋಯಿತು. ಹಿಟ್ಟಿಗೆ ಜಿಗಿ ಬಂತು, ಹಂಚು ಚುಂಯ್ ಅಂತು. ರೊಟ್ಟಿಯ ಒಂದು ಮಗ್ಗುಲು ಎದ್ದಿತು, ಇನ್ನೊಂದು ಮಗ್ಗುಲು ಎದ್ದಿತು. ಉಬ್ಬಿ ಉಬ್ಬಿ ಹಂಚು ಬಿಟ್ಟು ಮೇಲೆದ್ದು ತೊಲೆಗೆ ತಾಗಿತು. ರಾಜ ಮಣೆಯ ಮೇಲೆ ನಿಂತು ಎರಡೂ ಕೈಯಿಂದ ಹಿಡಿದು ಇಳಿಸಿದ.

ಅರ್ಧ ರೊಟ್ಟಿ ಉಂಡ. ಮುಖ ಅರಳಿತು. ಆಮೇಲೆ, ಯಾಕೋ, ನಿಟ್ಟುಸಿರು ಬಿಟ್ಟ. ಅವನಿಗೂ ಒಂದು ಹೊಟ್ಟೆ ಇತ್ತಲ್ಲ, ಅದೂ ಅಯ್ಯೋ ಅನ್ನುವ ಹೊಟ್ಟೆಯೇ.

"ಇವತ್ತೇನೋ ಉಬ್ಬಿತು," ಅಂತ ಗೊಣಗಿದ. "ನಾಳೆ ಇದು ಎಲ್ಲಿ..."

ಗೋಡೆಯ ಮೇಲೆ ಹಲ್ಲಿ ಕತ್ತೆತ್ತಿತು.

ಸಾತವ್ವ ರಾಜ ಅಂತ ನೋಡಲಿಲ್ಲ, ದೊರೆ ಅಂತ ನೋಡಲಿಲ್ಲ. ಉಳಿದರ್ಧ ರೊಟ್ಟಿಯನ್ನು ಮಡಚಿ ಅವನ ಬಾಯಿಗೆ ತುರುಕಿದಳು.

"ಉಣ್ರಿ ಅಪ್ಪಾರ," ಅಂದಳು. "ಮೊದಲ ನಾಳೆ ಬರಲಿ."

ರಾಜ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೈ ತೊಳೆದ. ಮಂಗಳವಾರ ಬಂತು, ಸಂತೆ ನೆರೆಯಿತು. ಬುಧವಾರ ಬಂತು. ಗುರುವಾರ ನಿಂಬೆವ್ವನ ಕೊರಳಿಗೆ ತಾಳಿ ಬಿತ್ತು. ಅಷ್ಟು ದಿನವೂ ಸಾತವ್ವ ಹೆದರುತ್ತಲೇ ಬಡಿದಳು, ತನಗೆ ತಾನು ಸಮಾಧಾನ ಹೇಳುತ್ತಲೇ ಬಡಿದಳು.

ನೀತಿ ಬೇಕೇ ಬೇಕು ಅನ್ನುವವರಿಗೆ ಇಲ್ಲಿದೆ: ರಾಜರು ಉಣ್ಣುವಾಗ ಮಾತಾಡಬಾರದು. ಕತೆ ಇಲ್ಲಿಗೆ ಸಾಕು, ಇನ್ನು ಏಳಿ. ಇದೆಲ್ಲ ಸುಳ್ಳು ಅನ್ನುವವರು ಅನ್ನಬಹುದು, ಆದರೆ ಒಮ್ಮೆ ಗೋಡೆ ನೋಡಿಕೊಂಡು ಅನ್ನಿ.